ಗುಹೆಯ ಜೇಡಗಳನ್ನು ನೋಡಲು ಕೊಂಡ ಹೆಡ್‌ಲ್ಯಾಂಪ್

ಕ್ವಾಲಾಲಂಪುರಕ್ಕೆ ಬಂದು ನೆಲೆಸಿದ ಮೇಲೆ ಸುಣ್ಣಕಲ್ಲಿನ ಗುಹೆಗಳ ಹುಚ್ಚು ಹತ್ತಿಸಿಕೊಂಡ ನಾನು, ಅಲ್ಲಿನ ಜೇಡಗಳನ್ನು ಕಣ್ತುಂಬ ನೋಡಬೇಕೆಂಬ ಒಂದೇ ಉದ್ದೇಶದಿಂದ ಆನ್‌ಲೈನ್‌ನಲ್ಲಿ 130 ರಿಂಗಿಟ್ ತೆತ್ತು, ಹಣೆಗೆ ಕಟ್ಟಿಕೊಳ್ಳುವ ಒಂದು ಹೆಡ್‌ಲ್ಯಾಂಪ್ ತರಿಸಿಕೊಂಡೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ಬೆಲೆಯಲ್ಲಿ ಸಿಗುವ ಹತ್ತಾರು ಮಾದರಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದು, ನಾನು ಹೇಳುವ ಮಾತು ಬಹುಪಾಲು ಎಲ್ಲಕ್ಕೂ ಹೊಂದುತ್ತದೆ. ಚಾರಣಕ್ಕೋ ಕರೆಂಟು ಹೋದಾಗಿನ ಬಳಕೆಗೋ ಹೆಡ್‌ಲ್ಯಾಂಪ್ ಕೊಳ್ಳುವವರಿಗೆ ಈ ವಿಮರ್ಶೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

ಮಲೇಷ್ಯಾದ ಪೆರಾಕ್ ರಾಜ್ಯದ ಗೋಪೆಂಗ್ ಬಳಿಯಿರುವ ಗುವಾ ತೆಂಪುರುಂಗ್ ಗುಹೆಗೆ ಮಾರ್ಗದರ್ಶಕರ ಜೊತೆ ಮೂರು ಸಲ ಹೋಗಿ ಇದನ್ನು ಪರೀಕ್ಷಿಸಿದ್ದೇನೆ. ಒಳಗೆ ಒಂದು ನದಿಯೇ ಹರಿಯುವ ಈ ಗುಹೆಯಲ್ಲಿ ಮೊದಲ ಭಾಗಕ್ಕೆ ನಡೆದಾರಿಯೂ ವಿದ್ಯುದ್ದೀಪಗಳೂ ಇವೆ. ಅದನ್ನು ದಾಟಿ ಮುಂದೆ ಹೋಗುವ ಪ್ರವಾಸಗಳಲ್ಲಿ ತಲೆಯ ಮೇಲಿನ ದೀಪವೇ ಗತಿ.

ಮೊದಲು ಹೊಗಳಿಕೆಯ ಮಾತು. ಗುಹೆಯ ಬಾಯಿಂದ ಆರಂಭಿಸಿ, ಹಗಲ ಬೆಳಕು ಮಸುಕಾಗಿ ಒಳಬರುವ ವಲಯದವರೆಗೆ ಇದರ ಕೆಲಸಕ್ಕೆ ಕುಂದು ಹೇಳುವಂತಿಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಬಚ್ಚಲಲ್ಲಿ ಜಿರಳೆ ಹಿಡಿಯುತ್ತ ಗೋಡೆಗಂಟಿ ಕೂರುವ ಅಂಗೈಯಗಲದ ಜೇಡವನ್ನು ನೋಡದವರು ಕಡಿಮೆ. ಹೆಟೆರೊಪೋಡ ಎಂಬ ಅದೇ ಕುಲದ ಜೇಡಗಳು ಆಗ್ನೇಯ ಏಷ್ಯಾದ ಗುಹೆಗಳಲ್ಲೂ ಬೇಟೆಯಾಡುತ್ತವೆ. ಲಾವೋಸಿನ ಗುಹೆಯೊಂದರಿಂದ 2001ರಲ್ಲಿ ವಿವರಿಸಲಾದ ಹೆಟೆರೊಪೋಡ ಮ್ಯಾಕ್ಸಿಮಾ ಕಾಲು ಚಾಚಿದರೆ 30 ಸೆಂಟಿಮೀಟರ್ ಮುಟ್ಟುತ್ತದೆ. ಇಂಥ ಜೇಡಗಳ ಕಣ್ಣಿನ ಹಿಂಬದಿಯಲ್ಲಿ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಒಂದು ಪದರವಿರುತ್ತದೆ. ದೀಪವು ನೋಡುವವನ ಕಣ್ಣಿಗೆ ಹತ್ತಿರವಿದ್ದಷ್ಟೂ ಆ ಹೊಳಪು ಚೆನ್ನಾಗಿ ಕಾಣುವುದರಿಂದ, ಹಣೆಯ ಮೇಲೆ ಕೂರುವ ದೀಪ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಭೇಟಿಯಲ್ಲಿ ನಾನು ಗೋಡೆಯತ್ತ ತಲೆ ತಿರುಗಿಸಿದ ಕೂಡಲೇ ಐದಾರು ಮೀಟರ್ ದೂರದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಹೊಳಪೊಂದು ಕಂಡಿತು. ಹತ್ತಿರ ಹೋದರೆ, ಬಿಲ್ಲೆಯಂತೆ ಚಪ್ಪಟೆಯಾದ ಮೊಟ್ಟೆಚೀಲವನ್ನು ಎದೆಗವಚಿಕೊಂಡ ಹೆಣ್ಣು ಜೇಡ ಅಲುಗಾಡದೆ ಕುಳಿತಿತ್ತು.

ಎರಡನೆಯ ಭೇಟಿಯಲ್ಲಿ ಈ ದೀಪದ ಮಿತಿ ಅರ್ಥವಾಯಿತು. ಆ ದಿನ ನಾನು ನೋಡಬೇಕೆಂದು ಹೋದದ್ದು ಲಿಫಿಸ್ಟಿಯಸ್ ಕುಲದ ಮುಚ್ಚಳದ ಜೇಡವನ್ನು. ಈ ಗುಹೆಯ ಹೆಸರನ್ನೇ ಹೊತ್ತ ಲಿಫಿಸ್ಟಿಯಸ್ ತೆಂಪುರುಂಗ್ ಎಂಬ ಪ್ರಭೇದವನ್ನು 1997ರಲ್ಲಿ ವಿವರಿಸಲಾಯಿತು. ಕ್ವಾಲಾಲಂಪುರದ ಹತ್ತಿರದ ಬಾಟು ಗುಹೆಗಳ ಲಿಫಿಸ್ಟಿಯಸ್ ಬಾಟುಎನ್ಸಿಸ್ 1923ರಿಂದಲೇ ಪರಿಚಿತ. ಬೇರೆ ಜೇಡಗಳಲ್ಲಿ ಕಾಣದ, ಪಟ್ಟಿಪಟ್ಟಿಯಾಗಿ ವಿಭಾಗಗೊಂಡ ಹೊಟ್ಟೆಯ ಬೆನ್ನನ್ನು ಈ ವಂಶ ಇಂದಿಗೂ ಉಳಿಸಿಕೊಂಡಿದೆ, ನೂಲು ತೆಗೆಯುವ ಅಂಗಗಳೂ ಹೊಟ್ಟೆಯ ತುದಿಯಲ್ಲಿರದೆ ನಡುಭಾಗದಲ್ಲಿವೆ. ಬಂಡೆಗೆ ಅಂಟಿಕೊಂಡ ಮಣ್ಣಿನಲ್ಲಿ ರೇಷ್ಮೆಯ ಕೊಳವೆ ಕಟ್ಟಿ, ಅದಕ್ಕೆ ಮುಚ್ಚಳವಿಟ್ಟು, ಬಾಗಿಲಿನಿಂದ ಹೊರಕ್ಕೆ ಆರೆಂಟು ಎಳೆಗಳನ್ನು ಕಿರಣಗಳಂತೆ ಚಾಚಿ, ಯಾವ ಹುಳ ಯಾವ ಎಳೆಯನ್ನು ಎಡವಿತೆಂಬುದನ್ನು ಒಳಗೇ ಕುಳಿತು ಅರಿಯುವ ಜೀವ ಇದು. ಮುಚ್ಚಳದ ಮೇಲೆಯೂ ಸುತ್ತಣ ಮಣ್ಣನ್ನೇ ಮೆತ್ತಿರುವುದರಿಂದ ಕಣ್ಣಿನ ಹೊಳಪನ್ನು ನಂಬಿ ಹುಡುಕುವವನಿಗೆ ಇದು ಸಿಗುವುದೇ ಇಲ್ಲ. ಅರ್ಧ ಗಂಟೆ ಅದೇ ಗೋಡೆಯನ್ನು ದಿಟ್ಟಿಸಿದ ನನಗೂ ಸಿಗಲಿಲ್ಲ.

ಜೊತೆಗೆ ಬಂದಿದ್ದ ನನ್ನ ತಂಗಿಯ ಗಂಡ ಕೈಯಲ್ಲಿದ್ದ ಸಾಮಾನ್ಯ ಟಾರ್ಚನ್ನು ಗೋಡೆಗೆ ತಾಗುವಷ್ಟು ಪಕ್ಕಕ್ಕೆ ಹಿಡಿದು, "ಭಾವ, ಇಲ್ಲಿ ನೋಡಿ" ಎಂದು ಕರೆದರು. ಅಡ್ಡ ಬೆಳಕಿನಲ್ಲಿ ಎಳೆಗಳು ಬೆಳ್ಳಗೆ ಮಿಂಚಿದವು, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಮುಚ್ಚಳದ ಅಂಚಿನಡಿ ಗೆರೆಯಂಥ ನೆರಳು ಮೂಡಿತು. ಹಣೆಯಿಂದ ನೇರ ಬೀಳುವ ಬೆಳಕು ಮಾಡುವ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ. ನೆರಳೇ ಕಾಣದಿದ್ದರೆ ಗೋಡೆಯ ಉಬ್ಬುತಗ್ಗೂ ಕಾಣದು, ಬಲೆಯೂ ಕಾಣದು. ಬೆಳಕು ತೀವ್ರವಾದಷ್ಟೂ ಬಿಳಿಯ ಸುಣ್ಣಕಲ್ಲು ಎದುರಿಗೆ ಹಾಳೆಯಂತೆ ಬೆಳಗಿ ಕಣ್ಣಿಗೆ ಕತ್ತಲು ಕವಿಸುತ್ತದೆ. ಬಂಡೆಯ ಸಂದುಗಳಲ್ಲಿ ಅಡ್ಡಬಲೆ ಹರಡುವ ಸೆಕ್ರಸ್ ಜೇಡವಾಗಲಿ, ಮುಟ್ಟಿದರೆ ಬಲೆ ಸಮೇತ ಮಸುಕಾಗುವಷ್ಟು ವೇಗವಾಗಿ ಮೈ ಅದುರಿಸುವ ಉದ್ದಗಾಲಿನ ಫೋಲ್ಸಿಡ್ ಜೇಡಗಳಾಗಲಿ ನನ್ನ ಪಟ್ಟಿಗೆ ಸೇರಿದ್ದು ಆ ಬಡಪಾಯಿ ಟಾರ್ಚಿನಿಂದಲೇ.

ಹೀಗಾಗಿ ಬರೀ ಹೆಡ್‌ಲ್ಯಾಂಪ್ ನಂಬಿ ಗುಹೆಯ ಜೇಡಗಳನ್ನು ಎಣಿಸುವವರು, ಎದುರು ನಿಂತು ಕಣ್ಣು ಹೊಳೆಸುವ ಜೇಡಗಳನ್ನು ಮಾತ್ರ ಎಣಿಸಿ ಬರುತ್ತಾರೆ. ಗುಹೆಯಲ್ಲಿ ಈ ಕೊರತೆ ಹೆಚ್ಚು ಕಾಡುತ್ತದೆ, ಏಕೆಂದರೆ ಕತ್ತಲಿಗೆ ಒಗ್ಗಿದ ಜೇಡಗಳಲ್ಲಿ ಕಣ್ಣೇ ಕುಗ್ಗಿ ಹೋಗುವುದುಂಟು. ಲಾವೋಸಿನ ಗುಹೆಗಳ ಸಿನೊಪೋಡ ಕುಲದಲ್ಲಿ ಎಂಟು ಕಣ್ಣಿನವು, ಆರು, ನಾಲ್ಕು, ಎರಡು ಉಳಿದವು, ಕೊನೆಗೆ ಒಂದೂ ಇಲ್ಲದ್ದು, ಹೀಗೆ ಇಳಿಕೆಯ ಮೆಟ್ಟಿಲುಗಳೆಲ್ಲ ಸಿಕ್ಕಿವೆ. ಜರ್ಮನಿಯ ಸೆಂಕೆನ್‌ಬರ್ಗ್ ಸಂಸ್ಥೆಯ ಪೀಟರ್ ಯೇಗರ್ 2012ರಲ್ಲಿ ವಿವರಿಸಿದ ಆ ಕುರುಡು ಜೇಡಕ್ಕೆ ಇಟ್ಟ ಹೆಸರು ಸಿನೊಪೋಡ ಸ್ಕೂರಿಯಾನ್. ಸ್ಕೂರಿಯಾನ್ ಎಂಬುದು ಗುಹಾನ್ವೇಷಕರಿಗಾಗಿ ಹೆಡ್‌ಲ್ಯಾಂಪ್ ತಯಾರಿಸುವ ಸ್ವಿಟ್ಜರ್ಲೆಂಡಿನ ಕಂಪನಿ. ಯಾವ ದೀಪ ಹಿಡಿದರೂ ಕಣ್ಣು ಹೊಳೆಸಲಾರದ ಜೇಡಕ್ಕೆ ದೀಪದ ಹೆಸರು ಸಂದಿರುವುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಇನ್ನು ದೀಪದ ಸ್ವಂತ ದೋಷಗಳು. ಕೆಂಪು ಬೆಳಕಿಗೆ ಜೇಡಗಳು ಅಷ್ಟಾಗಿ ಬೆದರುವುದಿಲ್ಲವೆಂಬ ಕಾರಣಕ್ಕೇ ಕೆಂಪು ದೀಪವಿರುವ ಮಾದರಿಯನ್ನು ಆರಿಸಿದ್ದೆ. ಆದರೆ ಇರುವುದು ಒಂದೇ ಗುಂಡಿ; ಕೆಂಪಿಗೆ ಹೋಗಬೇಕಾದರೆ ಪ್ರತಿಸಲವೂ ಅತಿ ಪ್ರಖರ ಬಿಳಿಯನ್ನು ದಾಟಿಯೇ ಹೋಗಬೇಕು. ಅಷ್ಟರಲ್ಲಿ ಜೇಡ ಸಂದು ಸೇರಿರುತ್ತದೆ, ಮೇಲಿನ ಬಾವಲಿಗಳೂ ಎದ್ದಿರುತ್ತವೆ. ಇದನ್ನು ವಿನ್ಯಾಸ ಮಾಡಿದವರು ಒಂದು ರಾತ್ರಿಯೂ ಕತ್ತಲಲ್ಲಿ ಕುಳಿತಿರಲಾರರು. ನೀರು ನಿರೋಧಕವೆಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿದ್ದರೂ ಕೆಳಗಿನ ಸಣ್ಣ ಅಕ್ಷರಗಳಲ್ಲಿದ್ದದ್ದು ಐಪಿಎಕ್ಸ್4, ಅಂದರೆ ಸಿಡಿಯುವ ಹನಿಗಳಿಗಷ್ಟೇ ರಕ್ಷಣೆ. ಮೂರನೆಯ ಭೇಟಿಯಲ್ಲಿ ನದಿ ದಾಟಿದ ಮೇಲೆ ಗಾಜಿನ ಒಳಗೆ ಮಂಜು ಕಟ್ಟಿ, ಮನೆಗೆ ತಂದು ಬಿಚ್ಚಿ ಒಣಗಿಸುವವರೆಗೂ ಬಿಡಲಿಲ್ಲ. ಬ್ಯಾಟರಿ ಪರವಾಗಿಲ್ಲ. ತಲೆಪಟ್ಟಿ ಹೆಲ್ಮೆಟ್ಟಿನ ಮೇಲೆ ಜಾರುತ್ತದೆ, ಎರಡು ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡು ಸರಿಪಡಿಸಿಕೊಂಡಿದ್ದೇನೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಅಂಕ ಮೊಟ್ಟೆಚೀಲದ ಆ ಹೆಣ್ಣು ಜೇಡವನ್ನು ತೋರಿಸಿದ್ದಕ್ಕೆ. ಕೊಳ್ಳುವವರು ಕೆಂಪು ಬೆಳಕಿಗೆ ಪ್ರತ್ಯೇಕ ಗುಂಡಿಯಿದೆಯೇ ಎಂದು ಮೊದಲು ವಿಚಾರಿಸಿ, ಜೊತೆಗೆ ಜೇಬಿನಲ್ಲಿ ಒಂದು ಪೆನ್ ಟಾರ್ಚ್ ಇಟ್ಟುಕೊಳ್ಳಲಿ. ಜೇಡವನ್ನೂ, ಮುಂಗಾಲನ್ನು ಚಾವಟಿಯಂತೆ ಆಡಿಸುವ, ಆದರೆ ಜೇಡವಲ್ಲದ ವಿಪ್ ಸ್ಪೈಡರ್ ಎಂಬ ಅದರ ನೆಂಟನನ್ನೂ ಬೇರೆಬೇರೆ ಗುರುತಿಸಲು ಪಕ್ಕದ ಬೆಳಕೇ ಬೇಕು. ಗುಂಡಿಯ ವಿಷಯವಾಗಿ ಮಾರಾಟಗಾರರಿಗೆ ಬರೆದಿದ್ದೆ. ಮುಂದಿನ ಖರೀದಿಗೆ ಐದು ರಿಂಗಿಟ್ ರಿಯಾಯಿತಿಯ ಕೂಪನ್ ಕಳುಹಿಸಿದ್ದಾರೆ.