ಹಸಿ ಮರ ಕಡೆಯಲು ಮಿನಿ ಲೇತ್: ಮೂರು ಮಳೆಗಾಲ ಕಳೆದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಅರ್ಧ ಮಾತ್ರ ಮೆಷಿನ್ನಿನ ತಪ್ಪು, ಮಿಕ್ಕಿದ್ದು ಸರ್ವಿಸ್‌ನವರದು.

ನಾನು ಬಡಗಿಯಲ್ಲ, ಸುಮ್ನೆ ಹುಚ್ಚು. ಕೊಪ್ಪದ ಮನೆ ಹಿಂದೆ ಮಳೆಗೆ ಮಾವಿನ ದೊಡ್ಡ ಕೊಂಬೆಯೊಂದು ಮುರಿದು ಬಿದ್ದಿತ್ತು. ಸೌದೆಯಾಗುವ ಮೊದಲು ಅದರಲ್ಲಿ ನಾಲ್ಕು ಬಟ್ಟಲಾದರೂ ಮಾಡೋಣ ಅಂತ 2022ರ ದೀಪಾವಳಿಗೆ ಈ ಲೇತ್, ಅಂದರೆ ಮರದ ತುಂಡನ್ನು ಗರಗರ ತಿರುಗಿಸುತ್ತಾ ಉಳಿಯಿಂದ ಕಡೆಯುವ ಮೆಷಿನ್ನು, ತಗೊಂಡೆ. 10 ಇಂಚು ಅಗಲದ ತುಂಡು ತಿರುಗುತ್ತದೆ, ಮೋಟರ್ ಮುಕ್ಕಾಲು ಎಚ್‌ಪಿ.

ಹಸಿ ಮರ ಕಡೆಯುವ ಸುಖವೇ ಬೇರೆ. ಉಳಿ ತಾಗಿದರೆ ಸಾಕು, ಉದ್ದುದ್ದ ಸುರುಳಿ ಎದ್ದು ಬರುತ್ತದೆ. ಧೂಳಿಲ್ಲ. ಅಂಗಿ ಮೇಲೆ ಹೊಟ್ಟೆಯಿಂದ ಭುಜದವರೆಗೆ ಒಂದು ನೀರಿನ ಗೆರೆ ಬೀಳುತ್ತದೆ, ಅಷ್ಟೆ. ಮೊದಲ ಬಟ್ಟಲನ್ನು ಒಂದೇ ದಿನದಲ್ಲಿ ಮುಗಿಸಿ ಶೋಕೇಸಿನಲ್ಲಿ ಇಟ್ಟೆ. ಎರಡನೇ ರಾತ್ರಿ ಒಳಗಿಂದ ‘ಟಕ್’ ಅಂತ ಸದ್ದು. ಬೆಳಗ್ಗೆ ನೋಡಿದರೆ ತಳದಿಂದ ಅಂಚಿನವರೆಗೆ ಬೆರಳ ಉಗುರು ತೂರುವಷ್ಟು ಬಿರುಕು. ಲೇತನ್ನು ಬೈದುಕೊಂಡೆ. ತಪ್ಪು ನನ್ನದೇ. ಕೊಂಬೆಯ ನಡುವಿನ ತಿರುಳನ್ನು ಬಟ್ಟಲಿನೊಳಗೇ ಉಳಿಸಿದ್ದೆ, ಸಾಲದ್ದಕ್ಕೆ ತಳ ದಪ್ಪ, ಗೋಡೆ ತೆಳು.

ಮರ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಮರದ ನಾರಿನ ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ವರ್ಷದ ಉಂಗುರಗಳ ಸುತ್ತಲಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಮ್ಮಿ ಎರಡರಷ್ಟು. ಹಾಗಾಗಿ ಗುಂಡಗೆ ಕಡೆದದ್ದು ಮೊಟ್ಟೆಯಾಕಾರಕ್ಕೆ ಬರಲೇಬೇಕು. ಮೊದಮೊದಲು ತೂಕ ಇಳಿಯುತ್ತದೆ, ಆಕಾರ ಕದಲುವುದಿಲ್ಲ. ತೇವ ಶೇಕಡಾ 30ರ ಆಸುಪಾಸಿಗಿಂತ ಕೆಳಗಿಳಿದ ಮೇಲೆ ಸೊಟ್ಟ ಶುರು.

ಈಗ ಮೊದಲು ದಿಮ್ಮಿಯನ್ನು ಉದ್ದಕ್ಕೆ ಸೀಳಿ ತಿರುಳು ತೆಗೆದು ಎಸೆಯುತ್ತೇನೆ. 10 ಇಂಚಿನ ಬಟ್ಟಲಾದರೆ ಗೋಡೆಯನ್ನು ಎಲ್ಲ ಕಡೆ ಒಂದಿಂಚು ಬಿಟ್ಟು ಒರಟಾಗಿ ಕಡೆಯುತ್ತೇನೆ, ಒಣಗಿ ಸೊಟ್ಟಗಾದ ಮೇಲೆ ಎರಡನೇ ಸಲ ಗುಂಡಗೆ ಕಡೆಯಲು. ಎಳೆಯ ತುದಿ ಕಾಣುವ ಕಡೆ ಮೇಣ ಬಳಿದು, ಪೇಪರ್ ಸುತ್ತಿ, ಅಟ್ಟದಲ್ಲಿ ನೆರಳಿಗೆ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ನಮ್ಮ ಮಲೆನಾಡಿನ ಮಳೆಗೆ ಮೂರೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಪ್ರತಿ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ತಳದ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಒಂದರ ಮೇಲೆ 1,140 ಗ್ರಾಂ ಅಂತ ಶುರುವಾದ ಲೆಕ್ಕ ಐದು ತಿಂಗಳಿಗೆ 720ಕ್ಕೆ ಬಂದು ನಿಂತಿತು. ತೂಕ ಇಳಿಯುವುದು ನಿಂತರೆ ಒಣಗಿತು ಅಂತ.

ಎರಡನೇ ಸಲ ಕಡೆಯಲು ಹೋದರೆ ಚಕ್ (ತುಂಡನ್ನು ಕಚ್ಚಿ ಹಿಡಿಯುವ ಲೇತಿನ ದವಡೆ) ಹಿಡಿಯಬೇಕಾದ ತಳದ ಗೂಟವೂ ಮೊಟ್ಟೆಯಾಗಿರುತ್ತದೆ! ಬಟ್ಟಲನ್ನು ಲೇತಿನ ಎರಡು ತುದಿಯಲ್ಲಿರುವ ಮುಂದಿನ ಮೊನೆ, ಹಿಂದಿನ ಮೊನೆಗಳ ನಡುವೆ ಒತ್ತಿ ಹಿಡಿದು ಮೊದಲು ಅದನ್ನು ಗುಂಡಗೆ ಮಾಡಿಕೊಳ್ಳಬೇಕು. ಈ ಲೇತಿಗೆ ನಾನು ಮನಸಾರೆ ಅಂಕ ಕೊಡುವುದು ಇಲ್ಲಿಯೇ. ಎರಡೂ ಮೊನೆ ಮೂರು ವರ್ಷದ ಮೇಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಎದುರುಬದುರು ಬಂದು ಕೂರುತ್ತವೆ.

ಕೊರತೆ ಅಂದರೆ ವೇಗ. ಇದರ ಅತಿ ಕಡಿಮೆ ವೇಗವೇ ನಿಮಿಷಕ್ಕೆ 500 ಸುತ್ತು. ಒಂದು ಪಕ್ಕ ಭಾರವಿರುವ ಹಸಿ ತುಂಡಿಗೆ ಅದು ಜಾಸ್ತಿ ಆಯ್ತು. ಮೇಜು ಕುಣಿಯುತ್ತಿತ್ತು. ಕೆಳಗಿನ ಹಲಗೆ ಮೇಲೆ ಎರಡು ಮೂಟೆ ಮರಳು ಹೇರಿದ ಮೇಲೆ ಸುಮ್ಮನಾಯಿತು. ಹಸಿ ಮರವನ್ನೇ ಕಡೆಯುವವರು ಎಚ್‌ಪಿ ಎಷ್ಟು ಅಂತ ಕೇಳುವ ಮೊದಲು ಎಷ್ಟು ನಿಧಾನಕ್ಕೆ ತಿರುಗುತ್ತದೆ ಅಂತ ಕೇಳಿ.

ಎರಡನೇ ಮಳೆಗಾಲದಲ್ಲಿ ವೇಗ ಹೆಚ್ಚುಕಮ್ಮಿ ಮಾಡುವ ಗುಬ್ಬಿ (ನಾಬ್) ಕೆಲಸ ನಿಲ್ಲಿಸಿತು. ಮರದ ನೀರು ಸಿಡಿಯುವ ದಾರಿಯಲ್ಲೇ ಅದನ್ನು ಕೂರಿಸಿದ್ದಾರೆ, ಮೇಲೊಂದು ಮುಚ್ಚಳವೂ ಇಲ್ಲ. ‘ನೀರು ಹೋಗಿದ್ದಕ್ಕೆ ವಾರಂಟಿ ಬರಲ್ಲ ಸಾರ್’ ಎಂದರು ಸರ್ವಿಸ್‌ನವರು. ದುಡ್ಡು ಕೊಡ್ತೀನಿ, ಪಾರ್ಟ್ ಕಳಿಸಿ ಅಂದದ್ದಕ್ಕೆ ಏಳು ವಾರ ಉತ್ತರವಿಲ್ಲ. ಕೊನೆಗೆ ಪೇಟೆಯ ಮೋಟರ್ ರಿವೈಂಡಿಂಗ್ ಅಂಗಡಿಯವರು ಅರ್ಧ ಗಂಟೆಯಲ್ಲಿ ಬೇರೆ ಗುಬ್ಬಿ ಹಾಕಿಕೊಟ್ಟರು. ಈಗ ಅದಕ್ಕೆ ಎಣ್ಣೆ ಕ್ಯಾನ್ ಕತ್ತರಿಸಿ ಮಾಡಿದ ಟೋಪಿ ಇದೆ. ಇನ್ನೊಂದು ಮಾತು, ಹಸಿ ಸಿಪ್ಪೆಯನ್ನು ರಾತ್ರಿ ಲೇತಿನ ಮೇಲೆ ಬಿಟ್ಟು ಮಲಗಿದರೆ ಬೆಳಗ್ಗೆ ತುಕ್ಕು ಖಾತ್ರಿ. ಗುಡಿಸಿ, ಚಕ್ಕಿಗೆ ಎಣ್ಣೆ ಒರೆಸಿಯೇ ಊಟಕ್ಕೆ ಹೋಗಿ.

ಮುಚ್ಚಳದ ಡಬ್ಬಿ, ಗೂಟ ಕೂರಿಸುವ ಆಟಿಕೆ ಇವನ್ನೆಲ್ಲ ಹಸಿ ಮರದಲ್ಲಿ ಮಾಡಹೋಗಬೇಡಿ. ಚನ್ನಪಟ್ಟಣದವರು ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿಯೇ ಕಡೆದು ಅರಗು ಹಚ್ಚುತ್ತಾರೆ.

ಆದರೆ ಬಟ್ಟಲಿಗೆ ಸೊಟ್ಟವೇ ಒಂದು ಚೆಂದ, ಅಲ್ವಾ? ಕಳೆದ ವರ್ಷ ಗೋಡೆಯನ್ನು ಉದ್ದಕ್ಕೂ 5 ಮಿಲಿಮೀಟರ್‌ಗೆ ತಂದು ಒಂದೇ ಸಲಕ್ಕೆ ಕಡೆದು ಬಿಟ್ಟೆ. ಅಷ್ಟು ತೆಳುವಾದರೆ ಬಿರಿಯುವುದು ಕಡಿಮೆ, ಬಾಗಿಕೊಳ್ಳುತ್ತದೆ. ಎಳೆಯ ಉದ್ದಕ್ಕೆ 20 ಸೆಂಟಿಮೀಟರ್ ಹಾಗೇ ಉಳಿಯಿತು, ಅಡ್ಡಕ್ಕೆ 19 ಆಯಿತು. ಅಂಚು ಹಂಚಿನ ಮೇಲಿನ ಹಪ್ಪಳದ ಹಾಗೆ ಏಳುಬೀಳು. ಅಮ್ಮ ಕೈಯಲ್ಲಿ ತಿರುಗಿಸಿ ನೋಡಿ, ‘ಇದೇನೋ, ಯಾರಾದ್ರೂ ಮೇಲೆ ಕೂತ್ಕೊಂಡ್ರಾ?’ ಎಂದರು. ಈಗ ಬೆಳ್ಳುಳ್ಳಿ ಅದರಲ್ಲೇ ಇರುತ್ತದೆ. ಗುಂಡಗಿನ ಬಟ್ಟಲು ಶೋಕೇಸಿನಲ್ಲಿ ಖಾಲಿ ಕೂತಿದೆ.