16, 18, 22 ಹಲ್ಲು: ಸಾಣಾಪುರದ ಏರಿನಲ್ಲಿ ಮೂರು ಸ್ಪ್ರಾಕೆಟ್

ಸಾಣಾಪುರದಲ್ಲಿ ಅಕ್ಕನ ಖಾನಾವಳಿ ಇದೆ. ಎರಡು ದಿನಕ್ಕೊಮ್ಮೆ ಗಂಗಾವತಿಯಿಂದ 25 ಕೆಜಿ ಸೋನಾಮಸೂರಿ ಚೀಲ ಒಯ್ಯಬೇಕು. ನನ್ನ 26 ಇಂಚಿನ ಸೈಕಲ್ಲಿಗೆ ಮೋಟರ್ ಕೂರಿಸಿದ್ದು ಅದಕ್ಕಾಗಿಯೇ. ಆನೆಗೊಂದಿವರೆಗೆ ಭತ್ತದ ಗದ್ದೆ ನಡುವಿನ ಸಪಾಟು ದಾರಿ. ಅದು ದಾಟಿತೋ, ಬಂಡೆಗಳ ಮಧ್ಯೆ ಏರು ಶುರು.

ಮೋಟರ್ 24 ವೋಲ್ಟ್, 250 ವ್ಯಾಟ್‌ನ ಎಂವೈ1016ಝಡ್ ಮಾದರಿಯದು. ಅದರ 9 ಹಲ್ಲಿನ ಚಕ್ರ ಭಾರ ಎಳೆಯುವಾಗ ನಿಮಿಷಕ್ಕೆ ಸುಮಾರು 330 ಸುತ್ತು ತಿರುಗುತ್ತದೆ. ಅಲ್ಲಿಂದ ಹಿಂದಿನ ಹಬ್‌ನ ಎಡಗಡೆ ಬೋಲ್ಟ್ ಹಾಕಿದ ಸ್ಪ್ರಾಕೆಟ್‌ಗೆ, ಅಂದರೆ ಹಲ್ಲಿನ ಚಕ್ರಕ್ಕೆ, ಚೈನ್. ಈ ಸ್ಪ್ರಾಕೆಟ್‌ನ ಹಲ್ಲು ಹೆಚ್ಚಾದಷ್ಟೂ ವೇಗ ಕಡಿಮೆ, ಎಳೆಯುವ ಬಲ ಹೆಚ್ಚು. ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಉರುಳಿಸಿ ಅಳೆದೆ, ಒಂದು ಸುತ್ತಿಗೆ 2.07 ಮೀಟರ್. ಲೆಕ್ಕ ಹಾಕಿದರೆ 16 ಹಲ್ಲಿಗೆ ಗಂಟೆಗೆ 23 ಕಿ.ಮೀ., 18ಕ್ಕೆ 20.5, 22ಕ್ಕೆ 17 ಬರುತ್ತದೆ. 14 ಹಾಕಿದರೆ 26 ದಾಟುತ್ತದೆ. ನೋಂದಣಿ ಬೇಡದ ಬ್ಯಾಟರಿ ವಾಹನಕ್ಕೆ ಕಾನೂನು ಇಟ್ಟಿರುವ ವೇಗದ ಮಿತಿ 25, ಹಾಗಾಗಿ ಅದರ ಮಾತೇ ಬೇಡ.

“ಅಣ್ಣಾರ, ಮೊದಲು 16 ಹಾಕ್ರಿ” ಅಂದೆ ಲೇತ್ ಶಾಪಿನವರಿಗೆ.

“ದಿಬ್ಬ ನೋಡಿ ಹಲ್ಲು ಆರಿಸು ತಮ್ಮಾ, ಸಪಾಟ ರಸ್ತಾ ನೋಡಿ ಅಲ್ಲ” ಅಂದರು. ಆದರೂ ಹಾಕಿಕೊಟ್ಟರು.

ಆನೆಗೊಂದಿವರೆಗೆ 16ರ ಓಟ ಭಾರೀ ಖುಷಿ ಕೊಟ್ಟಿತು. ಏರಿಗೆ ಬಂದಾಗ ಪೆಡಲ್ ತುಳಿಯುತ್ತಿದ್ದರೂ ಹ್ಯಾಂಡಲ್ ಮೇಲಿನ ಆಂಪಿಯರ್ ಮೀಟರ್ 15 ತೋರಿಸಿತು. ಈ ಮೋಟರ್ ಸತತವಾಗಿ ತಡೆಯುವುದು 13ಕ್ಕಿಂತ ತುಸು ಹೆಚ್ಚು, ಅಷ್ಟೇ. ಅರ್ಧ ಏರಿನಲ್ಲಿ ವಾರ್ನಿಷ್ ಸುಟ್ಟ ವಾಸನೆ ಬಂತು. ಇಳಿದು ಮುಟ್ಟಿ ನೋಡಿದರೆ ಕೈ ಇಡಲಾಗದಷ್ಟು ಬಿಸಿ. ಅದು ಏಪ್ರಿಲ್, ನಮ್ಮ ಕಡೆ ಬಂಡೆಗಳೇ ಕಾದಿರುತ್ತವೆ. ಉಳಿದ ದಾರಿ ಚೀಲ ಸಮೇತ ತಳ್ಳಿಕೊಂಡೇ ಹೋದೆ.

18 ಹಾಕಿದ ಮೇಲೆ ಅದೇ ಏರಿನಲ್ಲಿ 13 ಆಂಪ್. ಹತ್ತಿತು, ಆದರೆ ಮೇಲೆ ಹೋಗಿ ಐದು ನಿಮಿಷ ಮೋಟರ್ ಆರಲು ಬಿಡಬೇಕಾಯಿತು.

22ಕ್ಕೆ ಚೈನಿಗೆ ಇನ್ನೆರಡು ಕೊಂಡಿ ಸೇರಿಸಬೇಕಾಯಿತು. ಏರಿನಲ್ಲಿ ಮೀಟರ್ 11ರ ಆಸುಪಾಸಿನಲ್ಲೇ ನಿಂತಿತು. 15 ಎಲ್ಲಿ, 11 ಎಲ್ಲಿ! ಸುರುಳಿಯ ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಇಲ್ಲಿ ಬಿಸಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೇಲೆ ಹೋಗಿ ಮೋಟರ್ ಮೇಲೆ ಅಂಗೈ ಇಟ್ಟೆ, ಇಡಲು ಬಂತು. ಅವತ್ತಿನ ಸಮಾಧಾನ ಇನ್ನೂ ನೆನಪಿದೆ.

ಬ್ಯಾಟರಿಗೂ ಲಾಭವಾಯಿತು. ನನ್ನವು ಯುಪಿಎಸ್‌ನ 12 ಆಂಪ್-ಅವರ್ ಲೆಡ್-ಆಸಿಡ್ ಬ್ಯಾಟರಿ, ಎರಡು. ಆ 12 ಎಂಬುದು 20 ಗಂಟೆ ಹೊತ್ತು ನಿಧಾನವಾಗಿ ಖರ್ಚು ಮಾಡಿದರೆ ಸಿಗುವ ಲೆಕ್ಕ. ಕರೆಂಟ್ ಜೋರಾಗಿ ಎಳೆದಷ್ಟೂ ಕೈಗೆ ಸಿಗುವುದು ಕಡಿಮೆ. 16 ಇದ್ದಾಗ ವಾಪಸ್ ಬರುವಾಗ ಆನೆಗೊಂದಿಯಲ್ಲೇ ಸೊರಗುತ್ತಿದ್ದವು, ಈಗ ಮನೆ ಮುಟ್ಟಿಸುತ್ತವೆ.

ನಾನು ಮೊದಲು ಯೋಚಿಸದ ಇನ್ನೊಂದು ಅನುಕೂಲ ಕಾಲಿನದು. ಪೆಡಲ್ ಕಡೆ ಮುಂದೆ 44, ಹಿಂದೆ 18 ಹಲ್ಲು. ಗಂಟೆಗೆ 17 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 56 ಸುತ್ತು ತುಳಿದರೆ ಸಾಕು, ಮೋಟರಿಗೆ ಆರಾಮಾಗಿ ಜೊತೆಯಾಗಬಹುದು. 23ರಲ್ಲಿ ಅದೇ 76 ಆಗುತ್ತದೆ. ಭಾರ ಹೇರಿಕೊಂಡು ಬಿಸಿಲಲ್ಲಿ ಅಷ್ಟು ಹೊತ್ತು ಹಾಗೆ ತುಳಿಯಲು ನನ್ನಿಂದ ಆಗದು.

22ರಲ್ಲಿ ಒಂದು ತೊಂದರೆ ಇದೆ. ಹಿಂದಿನ ಸ್ಪ್ರಾಕೆಟ್ ದೊಡ್ಡದಾದಷ್ಟೂ ಮೋಟರಿನ ಪುಟ್ಟ 9 ಹಲ್ಲಿನ ಚಕ್ರವನ್ನು ಚೈನ್ ಸುತ್ತಿ ಹಿಡಿಯುವುದು ಕಡಿಮೆಯಾಗುತ್ತದೆ. ಚೈನ್ ಸ್ವಲ್ಪ ಸಡಿಲಾದರೂ ಏರಿನಲ್ಲಿ ಟಕ್ ಟಕ್ ಎಂದು ಹಲ್ಲು ಹಾರುತ್ತದೆ. ಅದಕ್ಕೆ ಮೋಟರ್ ಪ್ಲೇಟಿನ ಬೋಲ್ಟ್ ತೂತುಗಳನ್ನು ಉದ್ದ ಮಾಡಿಸಿಕೊಂಡಿದ್ದೇನೆ. ವಾರಕ್ಕೊಮ್ಮೆ ಮೋಟರನ್ನು ಮುಂದಕ್ಕೆ ಸರಿಸಿ ಚೈನ್ ಬಿಗಿ ಮಾಡುತ್ತೇನೆ.

ಗಂಗಾವತಿ ಊರೊಳಗೇ ಓಡಾಡುವವರಿಗೆ, ಹಿಂದೆ ಚೀಲದ ಭಾರ ಇಲ್ಲದವರಿಗೆ 18 ಚೆನ್ನಾಗಿದೆ. ಅದನ್ನು ಬಿಚ್ಚಿ, ಕಾಲೇಜಿಗೆ ಹೋಗುವ ಅಳಿಯನ ಸೈಕಲ್ಲಿಗೆ ಹಾಕಿಕೊಟ್ಟಿದ್ದೇನೆ.