ಎರಡು ವರ್ಷ ಬಳಸಿದ ವೆಬ್‌ಕ್ಯಾಮ್: ಚಿತ್ರಕ್ಕೆ ಸೈ, ಮೈಕ್‌ಗೆ ಅಲ್ಲ

ಕಲಬುರಗಿಯ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್‌ಗೆಂದು ಎರಡು ವರ್ಷಗಳ ಹಿಂದೆ ಕೊಂಡ ಈ ಯುಎಸ್‌ಬಿ ವೆಬ್‌ಕ್ಯಾಮ್‌ನ ಚಿತ್ರದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲೂ ಮುಖ ಸ್ಪಷ್ಟವಾಗಿ ಕಾಣುತ್ತದೆ. ಪುಣೆಯಲ್ಲಿರುವ ಮೊಮ್ಮಗಳು ನನ್ನ ಹಿಂದಿನ ಗೋಡೆಯ ಕ್ಯಾಲೆಂಡರನ್ನು ನೋಡಿ ತಿಂಗಳ ಹೆಸರು ಓದುತ್ತಾಳೆ.

ಸಂಜೆಯ ಕರೆಗೆ ನಮ್ಮಲ್ಲಿ ಒಂದು ಪದ್ಧತಿಯೇ ಬೆಳೆದಿದೆ. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗಲೂ ಮೊದಲು ಕೂಲರ್ ಬಂದ್ ಮಾಡುತ್ತೇವೆ, ಬೀದಿಯ ಕಿಟಕಿ ಮುಚ್ಚುತ್ತೇವೆ, ಲೆನ್ಸಿನ ಧೂಳನ್ನು ಕನ್ನಡಕದ ಬಟ್ಟೆಯಿಂದ ಒರೆಸುತ್ತೇವೆ. ಶಹಾಬಾದ್ ಫರಸಿಯ ಬರಿ ನೆಲ ಮಾತನ್ನು ಪ್ರತಿಧ್ವನಿಸುವುದರಿಂದ ಹೆಂಡತಿ ಜಮಖಾನೆ ಹಾಸುತ್ತಾಳೆ. ಅದರಿಂದ ದನಿ ಎಷ್ಟು ತಿಳಿಯಾಗುತ್ತದೆ ಎಂಬುದು ನನಗೆ ನಿಜಕ್ಕೂ ಅನಿರೀಕ್ಷಿತ ಸಂತೋಷ.

ಬೇಸರ ತರಿಸುವುದು ಕ್ಯಾಮೆರಾದೊಳಗಿನ ಮೈಕ್. ನಾನು ಮಾತನಾಡುವುದು ಇಯರ್‌ಫೋನಿನ ಮೈಕ್‌ನಲ್ಲಿ. ಆದರೆ ಕ್ಯಾಮೆರಾವನ್ನು ಕಿತ್ತು ಬೇರೊಂದು ಪೋರ್ಟಿಗೆ ಚುಚ್ಚಿದರೆ ಸಾಕು, ವಿಂಡೋಸ್ ಅದನ್ನು ಹೊಸ ಸಾಧನವೆಂದು ಎಣಿಸಿ, ಇಯರ್‌ಫೋನನ್ನು ಬದಿಗೆ ಸರಿಸಿ, ಕ್ಯಾಮೆರಾದ ಮೈಕನ್ನೇ ಮುಂದೆ ಮಾಡುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ; ಆ ಕಡೆಯವರಿಗೆ ಮಾತ್ರ ನಮ್ಮ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ರಿಪೇರಿಯವರೊಬ್ಬರು ವಿಂಡೋಸನ್ನೇ ಮತ್ತೆ ಹಾಕಿಸಬೇಕೆಂದರು. ಪಿಂಚಣಿಯಲ್ಲಿ ಬದುಕುವವನು ಇಂಥ ಸಲಹೆಗೆ ಹಣ ತೆರುವ ಮುನ್ನ ಸೆಟ್ಟಿಂಗ್ಸ್ ತೆರೆದು ನೋಡುವುದು ಲೇಸು.

ವಿಂಡೋಸ್ ‘ಡಿಫಾಲ್ಟ್ ಸಾಧನ’ (ನಾವು ಬೇರೆ ಹೇಳದಿದ್ದರೆ ತಾನಾಗಿ ಬಳಸುವುದು) ಮತ್ತು ‘ಡಿಫಾಲ್ಟ್ ಸಂವಹನ ಸಾಧನ’ (ಕರೆಗಳಿಗೆ ಹಾಗೆ ಬಳಸುವುದು) ಎಂಬ ಎರಡು ಆಯ್ಕೆಗಳನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಕರೆಯ ಅಪ್ಲಿಕೇಶನ್‌ಗಳು ಸಾಮಾನ್ಯವಾಗಿ ಎರಡನೆಯದನ್ನು ನೋಡುವುದರಿಂದ ಮೊದಲನೆಯದನ್ನಷ್ಟೇ ಬದಲಿಸಿದರೆ ಉಪಯೋಗವಾಗದು. ಸೌಂಡ್ ಕಂಟ್ರೋಲ್ ಪ್ಯಾನೆಲ್‌ನ ರೆಕಾರ್ಡಿಂಗ್ ಪುಟಕ್ಕೆ ಹೋಗಿ ಕ್ಯಾಮೆರಾದ ಮೈಕನ್ನು ಡಿಸೇಬಲ್ ಮಾಡಿ, ಕ್ಯಾಮೆರಾವನ್ನು ಒಂದೇ ಪೋರ್ಟಿನಲ್ಲಿ ಬಿಟ್ಟ ಮೇಲೆ ನಮ್ಮಲ್ಲಿ ಈ ಕಾಟ ನಿಂತಿದೆ. ಚಿತ್ರವೇ ಬಾರದಿದ್ದರೆ ಇನ್ನೊಂದು ಅಪ್ಲಿಕೇಶನ್ ಕ್ಯಾಮೆರಾವನ್ನು ಹಿಡಿದುಕೊಂಡಿದೆಯೇ, ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಇದೆಯೇ ಎಂದು ನೋಡಿದರೆ ಬಹುಮಟ್ಟಿಗೆ ಕಾರಣ ಸಿಗುತ್ತದೆ.

ಈಗ ಸಿಟ್ಟು ಇಳಿದಿದೆ. ಬೇರೆ ಮೈಕ್ ಇರುವವರು ಇದನ್ನು ಧಾರಾಳವಾಗಿ ಕೊಳ್ಳಬಹುದು. ಐದಕ್ಕೆ ಮೂರೂವರೆ ಅಂಕ. ಮೊಬೈಲಿನ ಇಯರ್‌ಫೋನನ್ನೇ ಬಳಸುವ ಯೋಚನೆಯಿದ್ದರೆ, ಹಳೆಯ ಡೆಸ್ಕ್‌ಟಾಪ್‌ನಲ್ಲಿ ಹಸಿರು ತೂತು ಕೇಳಲಿಕ್ಕೆ, ಗುಲಾಬಿ ತೂತು ಮಾತನಾಡಲಿಕ್ಕೆ ಇರುವುದರಿಂದ, ಒಂದೇ ಪಿನ್ನನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಅನ್ನೂ ಜೊತೆಗೇ ತರಿಸಿಕೊಳ್ಳಿ.